ಕಳೆದುಹೋದ ಪ್ರೋಗ್ರಾಮೂ ಉಳಿದುಬಂದ ವಿಶ್ವಜಾಲವೂ

ವರ್ಲ್ಡ್ ವೈಡ್ ವೆಬ್ ಅಥವಾ ವಿಶ್ವಜಾಲವು ಒಬ್ಬ ಮೇಧಾವಿಗೆ ಯಾವುದೋ ಶುಭಮುಹೂರ್ತದಲ್ಲಿ ಮಿಂಚಿನಂತೆ ಹೊಳೆದ ವಿಚಾರವೆಂದು ಅನೇಕರು ಭಾವಿಸಿರುವರು. ವಸ್ತುಸ್ಥಿತಿ ಹಾಗಿಲ್ಲ. ಅದನ್ನು ನಿರ್ಮಿಸಿದ ಟಿಮ್ ಬರ್ನರ್ಸ್‌-ಲೀ ಅದಕ್ಕೆ ಹತ್ತು ವರ್ಷಗಳ ಮೊದಲೇ ತನ್ನ ಸ್ವಂತ ಉಪಯೋಗಕ್ಕಾಗಿ ಒಂದು ಚಿಕ್ಕ ಪ್ರೋಗ್ರಾಮನ್ನು ಬರೆದಿದ್ದನು. ಅದು ಯಾರ ಬಳಕೆಗೂ ಬರಲಿಲ್ಲ; ಕಡೆಗೆ ಕಳೆದೇ ಹೋಯಿತು. ಆದರೂ ವಿಶ್ವಜಾಲದ ಬೇರನ್ನು ನಾವು ಅಲ್ಲಿಯೇ ಹುಡುಕಬೇಕು.

ಬರ್ನರ್ಸ್‌-ಲೀ ೧೯೫೫ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ತಂದೆತಾಯಿಗಳಿಬ್ಬರೂ ಫೆರಾಂಟಿ ಮಾರ್ಕ್‌ ೧ ಎಂಬ ಆದಿಕಾಲದ ಗಣಕಯಂತ್ರದ ಮೇಲೆ ದುಡಿದವರು. ಆಕ್ಸ್‌ಫರ್ಡಿನಲ್ಲಿ ಭೌತವಿಜ್ಞಾನವನ್ನು ಓದುತ್ತಿದ್ದಾಗ ಅವನು ಬೆಸುಗೆಯ ಕಡ್ಡಿಯನ್ನು ಹಿಡಿದು, ಹಳೆಯ ದೂರದರ್ಶನ ಪೆಟ್ಟಿಗೆಯೊಂದನ್ನು ಪರದೆಯಾಗಿ ಬಳಸಿ, ತನ್ನದೇ ಗಣಕಯಂತ್ರವನ್ನು ಜೋಡಿಸಿದನು.

೧೯೮೦ರಲ್ಲಿ ಅವನು ಆರು ತಿಂಗಳ ಕೆಲಸಕ್ಕಾಗಿ ಜಿನೀವಾದ ಬಳಿಯ ಸರ್ನ್‌ ಸಂಶೋಧನಾಲಯಕ್ಕೆ ಬಂದನು. ಪರಮಾಣುವಿನ ಅಂತರಾಳವನ್ನು ಶೋಧಿಸುವ ಆ ಸಂಸ್ಥೆಯಲ್ಲಿ ನಾನಾ ದೇಶಗಳ ವಿಜ್ಞಾನಿಗಳು ಬಂದು ಹೋಗುತ್ತಿದ್ದರು. ಯಾವ ಪ್ರೋಗ್ರಾಮನ್ನು ಯಾರು ಬರೆದರು, ಅದು ಯಾವ ಯಂತ್ರದಲ್ಲಿ ನಡೆಯುವುದು, ಅದನ್ನು ನಂಬಿಕೊಂಡಿರುವ ಇತರ ಪ್ರೋಗ್ರಾಮುಗಳಾವುವು ಎಂಬುದನ್ನು ನೆನಪಿನಲ್ಲಿಡುವುದೇ ಹೊಸಬನಿಗೆ ದುಸ್ಸಾಧ್ಯವಾಗಿತ್ತು. ಈ ತೊಡಕಿನ ಪರಿಹಾರಕ್ಕಾಗಿ ಅವನು ಪ್ಯಾಸ್ಕಲ್ ಭಾಷೆಯಲ್ಲಿ ‘ಎನ್‌ಕ್ವಯರ್‌’ ಎಂಬ ಪ್ರೋಗ್ರಾಮನ್ನು ಬರೆದನು. ವಿಕ್ಟೋರಿಯಾ ರಾಣಿಯ ಕಾಲದ, ಗೃಹಕೃತ್ಯದ ಸಮಸ್ತ ವಿಷಯಗಳನ್ನೂ ತಿಳಿಸುವ ಪುಸ್ತಕವೊಂದರ ಹೆಸರಿನಿಂದ ಈ ಹೆಸರು ಬಂದಿತು.

ಕೊಂಡಿಗಳ ರಹಸ್ಯ

ಎನ್‌ಕ್ವಯರ್‌ನಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಪ್ರತಿಯೊಂದು ವಸ್ತುವಿಗೂ ಚೀಟಿಯಂತಹ ಒಂದೊಂದು ಪುಟವಿತ್ತು. ಹೊಸ ಪುಟವನ್ನು ಸುಮ್ಮನೆ ತೆರೆಯುವಂತಿರಲಿಲ್ಲ. ಹಳೆಯ ಪುಟವೊಂದರಿಂದ ಕೊಂಡಿಯನ್ನು ಹಾಕಿಯೇ ತೆರೆಯಬೇಕಾಗಿತ್ತು. ಹೀಗಾಗಿ ಸಂಬಂಧವಿಲ್ಲದ ಸಂಗತಿಗೆ ಅಲ್ಲಿ ಸ್ಥಳವೇ ಇರಲಿಲ್ಲ.

ಕೊಂಡಿಗಳಲ್ಲಿ ಎರಡು ಬಗೆ. ಒಂದೇ ಕಡತದೊಳಗಿನ ಕೊಂಡಿ ಎರಡು ತುದಿಗಳಲ್ಲಿಯೂ ಕಾಣುತ್ತಿತ್ತು. ‘ರಾಮನು ಈ ಪ್ರೋಗ್ರಾಮನ್ನು ಬರೆದನು’ ಎಂದು ಒಂದು ಪುಟದಲ್ಲಿ ಸೂಚಿಸಿದರೆ, ‘ಇದನ್ನು ಬರೆದವನು ರಾಮ’ ಎಂಬುದು ಇನ್ನೊಂದರಲ್ಲಿ ತಾನಾಗಿಯೇ ತೋರುತ್ತಿತ್ತು. ಆದರೆ ಬೇರೊಂದು ಕಡತಕ್ಕೆ ಹೋಗುವ ಕೊಂಡಿ ಒಮ್ಮುಖವಾಗಿತ್ತು. ಇದಕ್ಕೆ ಕಾರಣವುಂಟು. ಪ್ರಸಿದ್ಧವಾದ ಒಂದು ಪುಟಕ್ಕೆ ಸಾವಿರ ಜನ ಕೊಂಡಿ ಹಾಕಿದರೆ, ಆ ಪುಟದ ಒಡೆಯನು ಸಾವಿರ ಮರುಕೊಂಡಿಗಳ ಹೊರೆಯನ್ನು ಹೊರಬೇಕಾಗುತ್ತದೆ. ಅಲ್ಲದೆ ಒಂದೇ ಮಾಹಿತಿಯನ್ನು ಎರಡು ಕಡೆ ಇಟ್ಟರೆ, ಒಂದನ್ನು ತಿದ್ದಿದಾಗ ಇನ್ನೊಂದು ಸುಳ್ಳಾಗುವ ಸಂಭವವಿದೆ.

ಕೆಲಸದ ಅವಧಿ ಮುಗಿದಾಗ ಬರ್ನರ್ಸ್‌-ಲೀ ಆ ಪ್ರೋಗ್ರಾಮಿದ್ದ ಎಂಟಂಗುಲದ ಫ್ಲಾಪಿ ತಟ್ಟೆಯನ್ನು ಅಲ್ಲಿಯ ಅಧಿಕಾರಿಯೊಬ್ಬರಿಗೆ ಒಪ್ಪಿಸಿ ಹೊರಟನು. ಕಂಡವರು ಮೆಚ್ಚಿದರು, ಯಾರೂ ಬಳಸಲಿಲ್ಲ. ಕಾಲಕ್ರಮದಲ್ಲಿ ತಟ್ಟೆ ಕಾಣೆಯಾಯಿತು.

ಅನಂತರ ಅವನು ಇಂಗ್ಲೆಂಡಿನ ಕಂಪೆನಿಯೊಂದರಲ್ಲಿ, ಒಂದು ಯಂತ್ರದ ಪ್ರೋಗ್ರಾಮು ಇನ್ನೊಂದು ಯಂತ್ರದ ಪ್ರೋಗ್ರಾಮಿನಿಂದ ಕೆಲಸ ಮಾಡಿಸುವ ವಿಧಾನವನ್ನು ಅಭ್ಯಾಸ ಮಾಡಿ, ೧೯೮೪ರಲ್ಲಿ ಸರ್ನ್‌ಗೆ ಮರಳಿದನು. ೧೯೮೯ರ ಮಾರ್ಚಿಯಲ್ಲಿ ಅವನು ಬರೆದ ಯೋಜನೆಯಲ್ಲಿ ಈ ಎರಡು ಅನುಭವಗಳೂ ಕೂಡಿಕೊಂಡವು. ೧೯೯೦ರ ಕೊನೆಯ ತಿಂಗಳುಗಳಲ್ಲಿ, ನೆಕ್ಸ್ಟ್‌ ಎಂಬ ಗಣಕಯಂತ್ರದ ಮೇಲೆ, ಪುಟಗಳನ್ನು ಓದಲೂ ತಿದ್ದಲೂ ಬರುವ ಪ್ರಥಮ ಬ್ರೌಸರನ್ನೂ ಪ್ರಥಮ ಸರ್ವರನ್ನೂ ಅವನು ಸಿದ್ಧಗೊಳಿಸಿದನು. ಈ ಯಂತ್ರವು ಸರ್ವರ್ ಆಗಿದೆ, ಇದನ್ನು ಆರಿಸಬೇಡಿರೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದು ಅದರ ಮೇಲಿತ್ತು. ಅದನ್ನು ಆರಿಸಿದರೆ ಆಗಿನ ವಿಶ್ವಜಾಲವೇ ಆರಿಹೋಗುತ್ತಿತ್ತು!

ಆ ಬ್ರೌಸರು ನೆಕ್ಸ್ಟ್‌ ಯಂತ್ರದಲ್ಲಿ ಮಾತ್ರ ನಡೆಯುತ್ತಿದ್ದುದರಿಂದ, ಸಾಧಾರಣ ಯಂತ್ರಗಳಿಗೂ ಒಗ್ಗುವ ಸರಳ ಬ್ರೌಸರೊಂದು ಬೇಕಾಯಿತು. ಅದನ್ನು ಬರೆದ ನಿಕೋಲಾ ಪೆಲೋ ಆಗಿನ್ನೂ ಗಣಿತದ ವಿದ್ಯಾರ್ಥಿನಿ ಎಂಬುದನ್ನು ನಮ್ಮ ತರುಣ ಓದುಗರು ಗಮನಿಸಬೇಕು. ೧೯೯೩ರ ಏಪ್ರಿಲ್‌ ೩೦ರಂದು ಸರ್ನ್‌ ಈ ತಂತ್ರಾಂಶವನ್ನು ಸರ್ವರ ಬಳಕೆಗೆ ಉಚಿತವಾಗಿ ಬಿಟ್ಟುಕೊಟ್ಟಿತು.

ಪಡೆದುದೂ ಬಿಟ್ಟುದೂ

ವಿಶ್ವಜಾಲದಲ್ಲಿ ಕೊಂಡಿಗಳೆಲ್ಲವೂ ಒಮ್ಮುಖವಾದವು. ಯಾರ ಅಪ್ಪಣೆಯನ್ನೂ ಬೇಡದೆ ಯಾರ ಪುಟಕ್ಕಾದರೂ ಕೊಂಡಿ ಹಾಕಬಹುದಾದುದರಿಂದಲೇ ಜಾಲವು ಜಗತ್ತನ್ನೆಲ್ಲ ವ್ಯಾಪಿಸಿತು. ಆದರೆ ಇದಕ್ಕೆ ತೆತ್ತ ಬೆಲೆಯೂ ಉಂಟು. ಪುಟವನ್ನು ಅಳಿಸಿದವನಿಗೆ ತನ್ನತ್ತ ಬರುವ ಕೊಂಡಿಗಳು ತಿಳಿಯವು. ಅವು ಮುರಿದ ಸೇತುವೆಗಳಂತೆ ಉಳಿಯುತ್ತವೆ. ‘೪೦೪’ ಎಂಬ ಅಂಕೆ ಪರದೆಯ ಮೇಲೆ ಮೂಡಿದಾಗ ನಾವು ಕಾಣುವುದು ಇಂತಹ ಒಂದು ಸೇತುವೆಯನ್ನೇ.

ವಿಶ್ವಜಾಲದ ಮೊದಲ ಪುಟವೂ ಈ ವಿಸ್ಮೃತಿಯಿಂದ ಪೂರ್ಣವಾಗಿ ಪಾರಾಗಲಿಲ್ಲ. ಅದನ್ನು ಆಗಾಗ ತಿದ್ದುತ್ತಿದ್ದರೇ ಹೊರತು ಹಳೆಯ ರೂಪಗಳನ್ನು ಕಾದಿರಿಸಲಿಲ್ಲ. ೨೦೧೩ರಲ್ಲಿ ಸರ್ನ್‌ ಆ ತಾಣವನ್ನು ಮೂಲ ವಿಳಾಸದಲ್ಲಿಯೇ ಮತ್ತೆ ನಿಲ್ಲಿಸಿದಾಗ ಅದಕ್ಕೆ ಆಧಾರವಾದುದು ೧೯೯೨ರ ಪ್ರತಿ. ೨೦೧೯ರಲ್ಲಿ ತಂತ್ರಜ್ಞರ ತಂಡವೊಂದು ಐದು ದಿನಗಳ ಪರಿಶ್ರಮದಿಂದ ಮೊದಲ ಬ್ರೌಸರಿನ ರೂಪವನ್ನು ಪುನರ್ನಿರ್ಮಿಸಿತು.

ಎನ್‌ಕ್ವಯರ್‌ನ ತಟ್ಟೆ ಹೋಯಿತು. ಅದನ್ನು ಬರೆದವನ ವಿವೇಕ ಉಳಿಯಿತು. ಆದರೆ ಎಲ್ಲವನ್ನೂ ನೆನಪಿಗೆ ಒಪ್ಪಿಸುವುದು ಜಾಣತನವಲ್ಲ. ಇಂದು ಪ್ರೋಗ್ರಾಮುಗಳನ್ನು ಬರೆಯುತ್ತಿರುವ ವಿದ್ಯಾರ್ಥಿಗಳು ಮುಗಿದ ಕೆಲಸವನ್ನು ಕ್ಷುಲ್ಲಕವೆಂದು ಅಳಿಸಿಬಿಡದೆ, ಅದನ್ನು ಏತಕ್ಕಾಗಿ ಬರೆದೆವು, ಎಲ್ಲಿ ತೊಡಕಾಯಿತು ಎಂಬ ನಾಲ್ಕು ಸಾಲಿನ ಟಿಪ್ಪಣಿಯೊಡನೆ ಎರಡು ಕಡೆ ಕಾದಿರಿಸುವುದು ಲೇಸು. ಹತ್ತು ವರ್ಷಗಳ ಅನಂತರ ಅದು ಯಾವುದಕ್ಕೆ ಬೀಜವಾಗುವುದೆಂದು ಇಂದೇ ಯಾರು ಬಲ್ಲರು?