ಹೊಕ್ಕುಳಬಳ್ಳಿ ರಕ್ತದ ಜೀವಕೋಶಗಳು: ರಚನೆ ಹಾಗೂ ಅಪಕ್ವತೆ

ಮಗು ಜನಿಸಿ ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ನಂತರವೂ ಬಳ್ಳಿಯಲ್ಲಿ ಮತ್ತು ಮಾಸಿನಲ್ಲಿ ಸ್ವಲ್ಪ ರಕ್ತ ಉಳಿದಿರುತ್ತದೆ. ಇದು ತಾಯಿಯ ರಕ್ತವಲ್ಲ, ಮಗುವಿನದೇ ರಕ್ತ. ಹಿಂದೆ ಇದನ್ನು ಮಾಸಿನೊಡನೆಯೇ ವಿಲೇವಾರಿ ಮಾಡಲಾಗುತ್ತಿತ್ತು. ಈಗ ಇದನ್ನು ಹಣ ಪಡೆದು ಶೇಖರಿಸಿಡುವ ಖಾಸಗಿ ಬ್ಯಾಂಕುಗಳಿವೆ. ಅವುಗಳ ಕರಾರುಪತ್ರಕ್ಕೆ ಸಹಿ ಮಾಡುವ ಮುನ್ನ ಈ ರಕ್ತದಲ್ಲಿ ಏನಿದೆ ಎಂಬುದನ್ನು ಪೋಷಕರು ತಿಳಿದಿರುವುದು ಅಗತ್ಯ.

ನವಜಾತ ಶಿಶುವಿನ ಕೆಂಪು ರಕ್ತಕಣಗಳು ವಯಸ್ಕರ ಕಣಗಳಿಗಿಂತ ಗಾತ್ರದಲ್ಲಿ ದೊಡ್ಡವು, ಆಯಸ್ಸಿನಲ್ಲಿ ಚಿಕ್ಕವು. ವಯಸ್ಕರ ಕಣ ಸುಮಾರು 120 ದಿನ ಬಾಳಿದರೆ ಇವು 60 ರಿಂದ 90 ದಿನ ಬಾಳುತ್ತವೆ. ಇವುಗಳಲ್ಲಿನ ಹಿಮೋಗ್ಲೋಬಿನ್‌ನ ಹೆಚ್ಚಿನ ಪಾಲು ಭ್ರೂಣಾವಸ್ಥೆಯದು; ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಅದು ತಕ್ಕುದಾಗಿದೆ. ಪಕ್ವವಾದ ಕೆಂಪುಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ. ಆದರೆ ಬಳ್ಳಿ ರಕ್ತದಲ್ಲಿ ಕೋಶಕೇಂದ್ರವನ್ನು ಇನ್ನೂ ಕಳೆದುಕೊಳ್ಳದ ಎಳೆಯ ಕೆಂಪುಕಣಗಳೂ ಇರುತ್ತವೆ. ಬ್ಯಾಂಕುಗಳು ನೀಡುವ ವರದಿಯಲ್ಲಿ ಕೋಶಕೇಂದ್ರವುಳ್ಳ ಕೋಶಗಳ ಒಟ್ಟು ಸಂಖ್ಯೆಯಷ್ಟೇ ಇದ್ದರೆ, ಈ ಎಳೆಯ ಕಣಗಳೂ ಅದರಲ್ಲಿ ಸೇರಿರಬಹುದು ಎಂಬುದನ್ನು ಗಮನಿಸತಕ್ಕದ್ದು.

ಚಿಕಿತ್ಸೆಗೆ ಬೇಕಾಗುವುದು ಸ್ಟೆಮ್ ಸೆಲ್ ಎಂದು ಕರೆಯಲಾಗುವ ಆಕರಕೋಶ. ಇದು ದುಂಡಾದ ಚಿಕ್ಕ ಕೋಶ. ಕೋಶಕೇಂದ್ರವೇ ಬಹುಭಾಗವನ್ನು ಆವರಿಸಿದ್ದು ಸುತ್ತಲೂ ತೆಳುವಾದ ಕೋಶರಸ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ಸಾಮಾನ್ಯ ಲಿಂಫೋಸೈಟ್‌ನಿಂದ ಬೇರ್ಪಡಿಸಿ ಗುರುತಿಸಲಾಗದು. ಆದ್ದರಿಂದ ಮೇಲ್ಮೈಯಲ್ಲಿರುವ ಸಿ.ಡಿ. 34 ಎಂಬ ಪ್ರೋಟೀನನ್ನು ಆಧರಿಸಿ ಯಂತ್ರದ ಮೂಲಕ ಎಣಿಸಲಾಗುತ್ತದೆ. ಈ ಗುರುತುಳ್ಳ ಕೋಶಗಳು ನೂರಕ್ಕೆ ಒಂದರಷ್ಟು ಅಥವಾ ಅದಕ್ಕೂ ಕಡಿಮೆ. ಇವು ಇನ್ನೂ ಯಾವ ರಕ್ತಕಣವೆಂದು ನಿರ್ಧಾರವಾಗದೆ, ಮತ್ತೆ ಮತ್ತೆ ವಿಭಜನೆಗೊಂಡು ಎಲ್ಲ ಬಗೆಯ ರಕ್ತಕಣಗಳನ್ನೂ ಉತ್ಪಾದಿಸಬಲ್ಲವು.

ರೋಗನಿರೋಧಕ ಟಿ ಕೋಶಗಳೂ ಅಪಕ್ವವೇ. ಬಹುಪಾಲು ಟಿ ಕೋಶಗಳು ಇನ್ನೂ ಯಾವುದೇ ಸೋಂಕನ್ನು ಎದುರಿಸಿರುವುದಿಲ್ಲ. ಇದರಿಂದಾಗಿ ದಾನಿ ಮತ್ತು ರೋಗಿಯ ಅಂಗಾಂಶ ಗುರುತುಗಳು ಪೂರ್ಣವಾಗಿ ಹೊಂದದಿದ್ದರೂ ಕಸಿ ಸಾಧ್ಯವಾಗುತ್ತದೆ. ಅಸ್ಥಿಮಜ್ಜೆಯ ಕಸಿಗೆ ಇದಕ್ಕಿಂತ ಹೆಚ್ಚಿನ ಹೊಂದಾಣಿಕೆ ಬೇಕು. ಆದರೆ ಇದೇ ಅಪಕ್ವತೆಯಿಂದ ತೊಂದರೆಯೂ ಉಂಟು. ಕಸಿ ನಾಟಿಕೊಂಡು ಬಿಳಿ ರಕ್ತಕಣಗಳು ಏರಲು ಹೆಚ್ಚು ದಿನ ಹಿಡಿಯುವುದರಿಂದ, ಆ ಅವಧಿಯಲ್ಲಿ ಸೋಂಕಿನ ಅಪಾಯ ಅಧಿಕ.

ಪ್ರಥಮ ಬಳ್ಳಿ ರಕ್ತ ಕಸಿಯನ್ನು 1988ರಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಡಾ. ಎಲಿಯಾನ್ ಗ್ಲುಕ್ಮನ್ ಅವರು ನೆರವೇರಿಸಿದರು. ಫ್ಯಾಂಕೋನಿ ರಕ್ತಹೀನತೆಯಿಂದ ಬಳಲುತ್ತಿದ್ದ ಬಾಲಕನಿಗೆ ಆತನ ತಂಗಿಯ ಬಳ್ಳಿ ರಕ್ತವನ್ನು ನೀಡಲಾಯಿತು. ಇಲ್ಲಿ ದಾನಿ ರೋಗಿಯಲ್ಲ, ರೋಗವಿಲ್ಲದ ತಂಗಿ ಎಂಬ ಅಂಶವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಥಲಸೀಮಿಯಾದಂತಹ ಅನುವಂಶೀಯ ರೋಗದಲ್ಲಿ ಮಗುವಿನ ಸ್ವಂತ ಬಳ್ಳಿ ರಕ್ತದಲ್ಲಿಯೂ ಅದೇ ದೋಷವಿರುತ್ತದೆ. ರಕ್ತದ ಕ್ಯಾನ್ಸರಿನಲ್ಲಿಯೂ ರೋಗದ ಮೊದಲ ಬದಲಾವಣೆಗಳು ಜನನಕ್ಕೆ ಮೊದಲೇ ಆಗಿರುವ ಸಾಧ್ಯತೆ ಇದೆ. "ಮಗುವಿನದೇ ರಕ್ತ ಮಗುವಿಗೆ ಜೀವವಿಮೆ" ಎಂಬ ಬಗೆಯ ಪ್ರಚಾರವು ಈ ಸಂಗತಿಯನ್ನು ಮರೆಮಾಚುತ್ತದೆ.

ಪ್ರಮಾಣದ ಮಿತಿಯೂ ಉಂಟು. ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 2.5 ಕೋಟಿ ಕೋಶಕೇಂದ್ರವುಳ್ಳ ಕೋಶಗಳು ಬೇಕು. 20 ಕಿಲೋ ತೂಕದ ಮಗುವಿಗೆ 50 ಕೋಟಿ, 60 ಕಿಲೋ ತೂಕದ ವಯಸ್ಕರಿಗೆ 150 ಕೋಟಿ. ಒಂದು ಹೆರಿಗೆಯಲ್ಲಿ ದೊರೆಯುವ ರಕ್ತ ಅನೇಕ ವೇಳೆ 100 ಮಿಲಿಲೀಟರಿಗೂ ಕಡಿಮೆಯಿದ್ದು, ವಯಸ್ಕರಿಗೆ ಸಾಲುವುದು ಅಪರೂಪ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ಮಾರ್ಗಸೂಚಿಯಲ್ಲಿ, ಮುಂದೆ ಸ್ವಂತ ಬಳಕೆಗೆಂದು ಬಳ್ಳಿ ರಕ್ತವನ್ನು ಶೇಖರಿಸಿಡಲು ವೈಜ್ಞಾನಿಕ ಆಧಾರವಿಲ್ಲವೆಂದು ತಿಳಿಸಿದೆ. ಆದರೆ ಕುಟುಂಬದಲ್ಲಿ ಈಗಾಗಲೇ ಥಲಸೀಮಿಯಾ ಮುಂತಾದ, ಕಸಿಯಿಂದ ಗುಣಪಡಿಸಬಹುದಾದ ರಕ್ತರೋಗವುಳ್ಳ ಮಗುವಿದ್ದಲ್ಲಿ ಈ ಮಾತು ಅನ್ವಯಿಸುವುದಿಲ್ಲ. ಅಂತಹ ಪೋಷಕರು ಹೆರಿಗೆಗೆ ಸಾಕಷ್ಟು ಮುಂಚೆಯೇ ರಕ್ತರೋಗ ತಜ್ಞರನ್ನು ಸಂಪರ್ಕಿಸತಕ್ಕದ್ದು.

ರಕ್ತ ಸಂಗ್ರಹಣೆಗಾಗಿ ಬಳ್ಳಿಯನ್ನು ಅವಸರದಿಂದ ಕತ್ತರಿಸಲು ಒಪ್ಪಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ, ಜನಿಸಿದ ಕೂಡಲೇ ಉಸಿರಾಟಕ್ಕೆ ನೆರವು ಬೇಕಾಗದ ಮಗುವಿನ ಬಳ್ಳಿಯನ್ನು ಕನಿಷ್ಠ ಒಂದು ನಿಮಿಷದವರೆಗೆ ಕಟ್ಟಬಾರದು. ಆ ಅವಧಿಯಲ್ಲಿ ಮಗುವಿಗೆ ಹರಿದುಬರುವ ರಕ್ತವು ಮುಂದಿನ ತಿಂಗಳುಗಳಲ್ಲಿ ಕಬ್ಬಿಣಾಂಶದ ಕೊರತೆಯನ್ನು ತಡೆಯಲು ನೆರವಾಗುತ್ತದೆ.