ಹೆಗಲ ಕೀಲೂ ಮೊಣಕೈಯ ಕೀಲೂ

‘ಭುಜ’ವೆಂಬ ಪದವನ್ನು ಕನ್ನಡದಲ್ಲಿ ಹೆಗಲೆಂಬರ್ಥದಲ್ಲಿ ಬಳಸುವುದು ರೂಢಿಯಾಗಿದೆ. ಸಂಸ್ಕೃತದಲ್ಲಿ ಅದು ತೋಳಿನ ಹೆಸರು. ಚತುರ್ಭುಜನೆಂದರೆ ನಾಲ್ಕು ತೋಳುಳ್ಳವನೇ ಹೊರತು ನಾಲ್ಕು ಹೆಗಲುಳ್ಳವನಲ್ಲ. ಹೆಗಲಿಗೆ ಅಮರಕೋಶವು ಸ್ಕಂಧ, ಭುಜಶಿರಸ್, ಅಂಸ ಎಂಬ ಹೆಸರುಗಳನ್ನೂ, ಮೊಣಕೈಗೆ ಕಫೋಣಿ, ಕೂರ್ಪರ ಎಂಬವನ್ನೂ ಕೊಡುತ್ತದೆ. ವೈದ್ಯಗ್ರಂಥಗಳನ್ನು ಕನ್ನಡಿಸುವವರು ಈ ಭೇದವನ್ನು ಮರೆತರೆ ತೋಳಿನ ಮುರಿತವು ಹೆಗಲಿನ ಮುರಿತವಾಗಿಬಿಡುವುದು.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿದೆ. ಕಂಕುಳ ಸಂಧಿಯು ‘ಉಲೂಖಲ’, ಎಂದರೆ ಒರಳು. ಮೊಣಕೈಯದು ಬೆರಳು ಮೊಣಕಾಲುಗಳೊಡನೆ ‘ಕೋರ’ವೆಂಬ ವರ್ಗಕ್ಕೆ ಸೇರಿದೆ. ಒರಳೆಂಬ ಹೋಲಿಕೆ ಸೊಗಸಾದುದು. ಆದರೆ ಈ ಒರಳು ಬಹಳ ಆಳವಿಲ್ಲದ್ದು. ಅಂಸಫಲಕದ, ಎಂದರೆ ಹೆಗಲಲಗೆಯ, ಹೊರಗೋಣದಲ್ಲಿರುವ ಕುಳಿಯು ತೋಳೆಲುಬಿನ ಗುಂಡುತಲೆಯ ಮೂರರಲ್ಲೊಂದು ಪಾಲಿಗೂ ಸಾಲದು. ತಲೆಯನ್ನು ಅಲ್ಲಿ ನಿಲ್ಲಿಸಿರುವವು ಸುತ್ತಲಿನ ಸಂಧಿಬಂಧಗಳೂ, ತೋಳನ್ನು ತಿರುಗಿಸುವ ನಾಲ್ಕು ಸ್ನಾಯುಗಳೂ. ತೋಳು ಎಲ್ಲ ದಿಕ್ಕಿಗೂ ಸುಳಿಯುವುದಕ್ಕೆ ತೆತ್ತ ಬೆಲೆಯಿದು: ದೇಹದ ದೊಡ್ಡ ಸಂಧಿಗಳಲ್ಲಿ ಅತಿ ಹೆಚ್ಚಾಗಿ ತಪ್ಪುವುದು ಇದೇ. ತೋಳು ಚಾಚಿ ಹೊರಕ್ಕೆ ತಿರುಗಿರುವಾಗ ಏಟು ಬಿದ್ದರೆ ಗುಂಡು ಬಹುಮಟ್ಟಿಗೆ ಮುಂದಕ್ಕೆ ಜಾರುವುದು. ಹೆಗಲಿನ ದುಂಡು ಅಳಿದು ಮೂಲೆಯಾಗಿ ಕಾಣುವುದು.

ಇದಕ್ಕೆ ಚಿಕಿತ್ಸಾಸ್ಥಾನವು ಹೇಳುವ ಉಪಾಯವು ಕುತೂಹಲಕರವಾಗಿದೆ. ಕಂಕುಳನ್ನು ಒನಕೆಯಿಂದ ಮೇಲಕ್ಕೆತ್ತಿ, ಕೀಲು ನೆಲೆಗೆ ಬಂದಮೇಲೆ ಸ್ವಸ್ತಿಕಬಂಧವನ್ನು ಕಟ್ಟಬೇಕು. ಒರಳೆಂದು ಹೆಸರಿಟ್ಟವರೇ ಒನಕೆಯನ್ನೂ ತಂದರು! ಗ್ರೀಸಿನ ಹಿಪ್ಪೊಕ್ರೇಟಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿ ವೈದ್ಯನು ತನ್ನ ಹಿಮ್ಮಡಿಯನ್ನು ಕಂಕುಳಲ್ಲಿಟ್ಟು ತೋಳನ್ನೆಳೆಯುವನು. ಸ್ವಿಟ್ಜರ್ಲೆಂಡಿನ ಕೋಖರನು 1870ರಲ್ಲಿ ಎಳೆತಕ್ಕಿಂತ ತಿರುವಿಗೇ ಪ್ರಾಧಾನ್ಯವಿರುವ ಕ್ರಮವೊಂದನ್ನು ಪ್ರಕಟಿಸಿದನು. ಇಂದಿನ ವೈದ್ಯರು ಎಕ್ಸ್‌ರೇ ಚಿತ್ರ ತೆಗೆಸಿ, ಹೆಗಲ ಹೊರಮೈಯ ಚರ್ಮಕ್ಕೆ ಸ್ಪರ್ಶಜ್ಞಾನವಿದೆಯೇ ಎಂದು ಮೊದಲು ನೋಡುವರು. ಅಲ್ಲಿ ಜೋಮಿದ್ದರೆ ಕಂಕುಳಲ್ಲಿ ಹಾಯುವ ನರವು ನೊಂದಿದೆಯೆಂದು ತಿಳಿಯಬೇಕು.

ಮೊಣಕೈಯಲ್ಲಿ ಮಡಿಚುವ ಕೆಲಸವು ಕಿರುಬೆರಳ ಕಡೆಯ ಎಲುಬಿನದು. ಅಂಗೈಯನ್ನು ಮಗುಚುವ ಕೆಲಸವು ಹೆಬ್ಬೆರಳ ಕಡೆಯದರದು. ಈ ಎರಡನೆಯದರ ತಲೆಯು ಉಂಗುರದಂಥ ಬಂಧದೊಳಗೆ ತಿರುಗುತ್ತಿರುವುದು. ಎಳೆಯ ಮಗುವನ್ನು ಮುಂಗೈ ಹಿಡಿದು ತಟಕ್ಕನೆ ಎತ್ತಿದಾಗ ಆ ಉಂಗುರವು ತಲೆಯ ಮೇಲೆ ಜಾರಿ ಸಿಕ್ಕಿಕೊಳ್ಳುವುದುಂಟು; ಮಗು ಕೈಯಾಡಿಸದೆ ಅಳುವುದು. ಬಲ್ಲವರು ಕ್ಷಣದಲ್ಲಿ ಸರಿಪಡಿಸುವರು.

ಭಯಪಡಬೇಕಾದುದು ಬೇರೆ. ಐದರಿಂದ ಎಂಟು ವರ್ಷದ ಮಕ್ಕಳು ಮರದಿಂದಲೋ ಜಗಲಿಯಿಂದಲೋ ಕೈಯೂರಿ ಬಿದ್ದಾಗ ತೋಳೆಲುಬು ಮೊಣಕೈಗೆ ತುಸು ಮೇಲೆ ಮುರಿಯುವುದು. ಅದರ ಮುಂದೆಯೇ ಕೈಯ ಮುಖ್ಯ ಧಮನಿಯಿದೆ. ಮುರಿತದಿಂದ ಅದಕ್ಕೆ ಪೆಟ್ಟಾದರೂ, ಊದಿದ ಕೈಗೆ ಬಿದಿರದಬ್ಬೆಯಿಟ್ಟು ಬಿಗಿದರೂ ಮುಂಗೈಯ ಮಾಂಸವು ರಕ್ತವಿಲ್ಲದೆ ಸತ್ತು, ಬೆರಳುಗಳು ಶಾಶ್ವತವಾಗಿ ಮುದುರಿಹೋಗುವುವು. ಜರ್ಮನಿಯ ಫೋಲ್ಕ್‌ಮನ್ನನು 1881ರಲ್ಲಿ ಇದನ್ನು ವಿವರಿಸಿದನು. ಸುಶ್ರುತಸಂಹಿತೆಯಾದರೋ, ಕಟ್ಟು ಸಡಿಲವಾದರೆ ಸಂಧಿಗೆ ಸ್ಥೈರ್ಯವಿಲ್ಲ, ಬಿಗಿಯಾದರೆ ಬಾವು, ನೋವು, ಕೀವು ಎಂದು ಎಚ್ಚರಿಸಿಯೇ ಇದೆ. ಸಂಪ್ರದಾಯದ ಹೆಸರಿನಲ್ಲಿ ಬಿಗಿದು ಕಟ್ಟುವವರು ಆ ಸಂಪ್ರದಾಯದ ಮಾತನ್ನೇ ಮೀರುತ್ತಿರುವರು. ಕಟ್ಟಿದ ಮೇಲೆ ನೋವು ಹೆಚ್ಚುತ್ತ ಹೋದರೆ, ಬೆರಳನ್ನು ನೀಡಿಸಿದಾಗ ಮಗು ಚೀರಿದರೆ, ಬೆರಳು ಬಿಳುಪೇರಿ ತಣ್ಣಗಾದರೆ ಕಟ್ಟನ್ನು ಕೂಡಲೇ ಬಿಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲೆಂದು ಕಾಯುವಷ್ಟು ಕಾಲವಿರುವುದಿಲ್ಲ.