ಸಂಸತ್ತಿನ ಸಮಿತಿಗಳು ಮತ್ತು ನಮ್ಮ ಕೊಬ್ಬರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬೆಳೆಗಾರರಿಗೆ ಮನೆಯ ಅಟ್ಟವೇ ಭಂಡಾರ. ತಿಂಗಳುಗಟ್ಟಲೆ ಅಲ್ಲಿ ಒಣಗಿದ ಕಾಯಿ ಉಂಡೆ ಕೊಬ್ಬರಿಯಾದ ಮೇಲೆಯೇ ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಸಾಲದ ಕಂತು. 2023ರಲ್ಲಿ ಕೇಂದ್ರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. ಇಂತಹ ಸಂಕಟವನ್ನು ದೆಹಲಿಯಲ್ಲಿ ಕುಳಿತು ಕೇಳುವವರು ಯಾರು?

ಸದನದ ಗದ್ದಲ ಪತ್ರಿಕೆಗಳಲ್ಲಿ ಕಾಣುತ್ತದೆ; ಸಮಿತಿಗಳ ದುಡಿಮೆ ಕಾಣುವುದಿಲ್ಲ. 1993ರಲ್ಲಿ 17 ಇಲಾಖಾವಾರು ಸ್ಥಾಯಿ ಸಮಿತಿಗಳು ರಚನೆಯಾದವು; 2004ರಲ್ಲಿ ಅವು 24ಕ್ಕೇರಿದವು. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಮಂತ್ರಿಗಳಿಗೆ ಇಲ್ಲಿ ಸದಸ್ಯತ್ವವಿಲ್ಲ. ನಮ್ಮ ರಾಜ್ಯದ ಬಾಗಲಕೋಟೆಯ ಸಂಸದರಾದ ಪಿ.ಸಿ. ಗದ್ದಿಗೌಡರ ಅವರು 2019ರ ನಂತರದ ಲೋಕಸಭೆಯಲ್ಲಿ ಕೃಷಿ ಸಮಿತಿಯ ಅಧ್ಯಕ್ಷರಾಗಿದ್ದುದನ್ನು ಇಲ್ಲಿ ನೆನೆಯಬಹುದು.

ಸಮಿತಿಯ ಆಯುಷ್ಯ ಸಾಮಾನ್ಯವಾಗಿ ಒಂದು ವರ್ಷ. ಆದುದರಿಂದ ಯಾವುದು ಮೊದಲು, ಯಾವುದು ನಂತರ ಎಂಬ ವಿವೇಚನೆ ಆರಂಭದ ಸಭೆಗಳಲ್ಲಿಯೇ ನಡೆಯುತ್ತದೆ. ಸಚಿವಾಲಯದ ವಾರ್ಷಿಕ ವರದಿ, ಸದಸ್ಯರ ಸಲಹೆಗಳನ್ನು ಮುಂದಿಟ್ಟುಕೊಂಡು ವರ್ಷದ ವಿಷಯಗಳನ್ನು ಆರಿಸಲಾಗುತ್ತದೆ. ದಿನನಿತ್ಯದ ಆಡಳಿತ ಅದರ ವ್ಯಾಪ್ತಿಗೆ ಸೇರದು. ಆದರೆ ಎರಡು ಕಾರ್ಯಗಳು ಆಯ್ಕೆಗೆ ಬಿಟ್ಟವಲ್ಲ. ಆಯವ್ಯಯ ಮಂಡನೆಯಾದ ಮೇಲೆ ಸದನಕ್ಕೆ ಬಿಡುವಿರುವಾಗ ಸಚಿವಾಲಯದ ಅನುದಾನ ಬೇಡಿಕೆಗಳನ್ನು ಪರಿಶೀಲಿಸಬೇಕು. ಸದನದಿಂದ ಒಪ್ಪಿಸಲ್ಪಟ್ಟ ಮಸೂದೆಗಳನ್ನು ನೋಡಬೇಕು. ಉಳಿದ ಕಾಲದಲ್ಲಿ ತಾನು ಆರಿಸಿದ ವಿಷಯಗಳಿಗಾಗಿ ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತದೆ, ಪ್ರವಾಸ ಕೈಗೊಳ್ಳುತ್ತದೆ, ಕೆಲವೊಮ್ಮೆ ಸಾರ್ವಜನಿಕರ ಅಭಿಪ್ರಾಯ ಕೋರುತ್ತದೆ. ಅವಧಿಯೊಳಗೆ ಮುಗಿಯದ ವಿಷಯವನ್ನು ಮುಂದಿನ ಸಮಿತಿ ಎತ್ತಿಕೊಳ್ಳಬಹುದು, ಬಿಡಲೂಬಹುದು.

ನಮ್ಮವರು ಎಡವುವುದು ಇಲ್ಲಿಯೇ. ಬೆಲೆ ಕುಸಿದ ದಿನ ಕೂಗೆಬ್ಬಿಸುತ್ತೇವೆ. ವಿಷಯಗಳ ಪಟ್ಟಿ ಸಿದ್ಧವಾಗುವಾಗ ಮೌನವಾಗಿರುತ್ತೇವೆ. ಅಲ್ಲದೆ ತೆಂಗಿನ ಪ್ರಶ್ನೆ ಒಂದೇ ಬಾಗಿಲಿನದಲ್ಲ. ಬೆಂಬಲ ಬೆಲೆ ಮತ್ತು ತೆಂಗು ಅಭಿವೃದ್ಧಿ ಮಂಡಳಿ ಕೃಷಿ ಸಮಿತಿಯ ಪಾಲು. ನಾರಿನ ಉದ್ಯಮ ಕೈಗಾರಿಕಾ ಸಮಿತಿಯದು. ಖಾದ್ಯ ತೈಲದ ಸುಂಕದ ಹಿಂದೆ ಹಣಕಾಸು ಸಚಿವಾಲಯವಿದೆ. ತಪ್ಪು ಬಾಗಿಲು ತಟ್ಟಿದ ಮನವಿ ಅಲೆದಾಡಿ ದಣಿಯುತ್ತದೆ.

ಮೂರೂ ತಾಲ್ಲೂಕುಗಳು ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಸಂಸದರ ಮೂಲಕ ವರ್ಷದ ಆರಂಭದಲ್ಲಿಯೇ ಖಚಿತ ಲೆಕ್ಕಪತ್ರಗಳೊಡನೆ ವಿಷಯ ಸೂಚಿಸಬಹುದು. ಲೋಕಸಭೆಯ ಅರ್ಜಿಗಳ ಸಮಿತಿಯೂ ಉಂಟು. ಅರ್ಜಿಯನ್ನು ಕನ್ನಡದಲ್ಲಿ ಬರೆಯಬಹುದು. ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವಿರಬೇಕು, ಅದಕ್ಕೆ ಅರ್ಜಿದಾರರ ಸಹಿ ಇರಬೇಕು.

ಸ್ಥಾಯಿ ಸಮಿತಿಯ ಶಿಫಾರಸು ಸರಕಾರವನ್ನು ಕಟ್ಟಿಹಾಕುವ ಆಜ್ಞೆಯಲ್ಲ ನಿಜ. ಆದರೆ ಅದರ ಮೇಲೆ ಏನು ಕ್ರಮವಾಯಿತೆಂದು ಸರಕಾರ ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಆ ಉತ್ತರವನ್ನೂ ಸಮಿತಿ ಪರಿಶೀಲಿಸುತ್ತದೆ. ಒಮ್ಮೆ ದಾಖಲೆಗೆ ಸೇರಿದ ಮಾತನ್ನು ಸುಲಭವಾಗಿ ಮರೆಯಲಾಗದು.

ಕಾಯಿ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ನಮ್ಮ ಹಿರಿಯರಿಂದ ಬಂದದ್ದು. ಆ ತಾಳ್ಮೆಗೆ ಕಾಲಜ್ಞಾನವೂ ಕೂಡಬೇಕು. ನಮ್ಮ ಸಂಘಗಳು, ಓದಿದ ಮಕ್ಕಳು ಈ ಹೊಣೆ ಹೊತ್ತು, ಮುಂದಿನ ಸಮಿತಿ ಸೇರುವ ಮೊದಲೇ ಮನವಿ ಸಿದ್ಧಪಡಿಸಲಿ.